ಬಾರ್ಸಿಲೋನಾಗೆ ಅಗ್ಗದ ಟಿಕೆಟ್ ಕೇಳಿದ ತಂಗಿಗೆ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಸೆಪ್ಟೆಂಬರ್‌ನಲ್ಲಿ ನಾನಿರುವ ಈ ಬಾರ್ಸಿಲೋನಾದಲ್ಲಿ ಮಾಸ್ಟರ್ಸ್ ಶುರು, ಮೈಸೂರಿನಿಂದ ಹೊರಡಬೇಕು, ಪ್ಯಾರಿಸ್ ಮೇಲೆ ಹೋಗುವ ಟಿಕೆಟ್ 38 ಸಾವಿರಕ್ಕೆ ಸಿಗುತ್ತಿದೆ, ಉಳಿದವೆಲ್ಲ 46ರ ಮೇಲೆ, ತೆಗೆದುಕೊಳ್ಳಲಾ ಅಂತ ಕೇಳಿದ್ದೀಯ.

ಬೇಡ.

ನೀನು ಕಳಿಸಿದ ಟಿಕೆಟ್‌ನ ಚಿತ್ರ ದೊಡ್ಡದು ಮಾಡಿ ನೋಡಿದೆ. ಬೆಂಗಳೂರಿನಿಂದ ಬಂದು ಇಳಿಯುವುದು ಶಾರ್ಲ್ ಡಿ ಗಾಲ್‌ನಲ್ಲಿ, ಮುಂದಿನ ವಿಮಾನ ಹೊರಡುವುದು ಓರ್ಲಿಯಿಂದ. ಎರಡೂ ಪ್ಯಾರಿಸ್ಸೇ, ಆದರೆ ಒಂದು ಊರಿನ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಬಂದು, ಎರಡು ಸೂಟ್‌ಕೇಸ್ ಎಳೆದುಕೊಂಡು ಆರ್‌ಇಆರ್ ಬಿ ರೈಲು ಹಿಡಿದು, ಊರೊಳಗೆ ಇಳಿದು, 14ನೇ ನಂಬರ್ ಮೆಟ್ರೋ ಹತ್ತಿ ಓರ್ಲಿ ಸೇರಬೇಕು. ಆ ಮೆಟ್ರೋ ಓರ್ಲಿವರೆಗೆ ಬಂದಿದ್ದೇ 2024ರಲ್ಲಿ, ಅದಕ್ಕೆ ಮುಂಚೆ ಇನ್ನೂ ಕಷ್ಟ ಇತ್ತು. ಚಿತ್ರದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಇದೆ, ನೋಡಿದೆಯಾ? ಅಂದರೆ ಅದು ಒಂದು ಟಿಕೆಟ್ ಅಲ್ಲ, ಎರಡು ಬೇರೆ ಟಿಕೆಟ್, ಎರಡು ಪಿಎನ್‌ಆರ್. ಮೊದಲ ವಿಮಾನ ಮೂರು ಗಂಟೆ ತಡವಾದರೆ ಎರಡನೆಯವರಿಗೆ ಅದು ಸಂಬಂಧವೇ ಇಲ್ಲ, ನೀನು ಬರಲಿಲ್ಲ ಅಂತ ಬರೆದುಕೊಂಡು ಹೋಗುತ್ತಾರೆ ಅಷ್ಟೆ. ಹೊಸ ಟಿಕೆಟ್ ನಿನ್ನ ಖರ್ಚಲ್ಲೇ.

ಈಗ ಲೆಕ್ಕ ಹಾಕು. ಆ ಎರಡನೇ ಟಿಕೆಟ್‌ನಲ್ಲಿ ದೊಡ್ಡ ಬ್ಯಾಗ್ ಸೇರಿಲ್ಲ. ಯೂರೋಪಿನ ಅಗ್ಗದ ವಿಮಾನಗಳಲ್ಲಿ ಬಿಟ್ಟಿಯಾಗಿ ಒಯ್ಯಬಹುದಾದದ್ದು ಸೀಟಿನ ಕೆಳಗೆ ತೂರುವ ಒಂದು ಚೀಲ, ಸುಮಾರು 40 ಸೆಂಟಿಮೀಟರ್ ಉದ್ದ, 30 ಅಗಲ, 20 ದಪ್ಪ. ಅದರ ಮೇಲೆ ಎಲ್ಲಕ್ಕೂ ದುಡ್ಡು. ಎರಡು ಸೂಟ್‌ಕೇಸ್‌ಗೆ ಕೊಟ್ಟು, ಪ್ಯಾರಿಸ್‌ನಲ್ಲಿ ರೈಲಿಗೆ ಕೊಟ್ಟು, ಹೊಟ್ಟೆಗೆ ಏನಾದರೂ ತಿಂದರೆ ಆ 8 ಸಾವಿರ ಕರಗಿ ಹೋಯಿತು. ಯೂರೋ ಈಗ 100 ರೂಪಾಯಿಯ ಆಸುಪಾಸು ಇದೆ ಅನ್ನುವುದನ್ನು ಮರೆಯಬೇಡ, ಇಲ್ಲಿ 10 ಯೂರೋ ಹೋಗುವುದು ಗೊತ್ತೇ ಆಗುವುದಿಲ್ಲ.

ನಾನೇನು ಹುಟ್ಟಿದಾಗಲೇ ಬುದ್ಧಿವಂತೆ ಅಲ್ಲ. ಬಂದ ಮೊದಲ ವರ್ಷ ಬೇರೊಂದು ಊರಿಗೆ ಹೋಗಿ ವಾಪಸ್ ಬರುವಾಗ ಬಾರ್ಸಿಲೋನಾ ಟಿಕೆಟ್ ತುಂಬಾ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಾಗಿ ತೆಗೆದುಕೊಂಡಿದ್ದೆ. ರಾತ್ರಿ ಇಳಿದು ನೋಡಿದರೆ ಅದು ಜಿರೋನಾ! ಇಲ್ಲಿಂದ 90 ಕಿಲೋಮೀಟರ್ ದೂರ. ಟಿಕೆಟ್‌ನಲ್ಲಿ ಸರಿಯಾಗೇ ಬರೆದಿತ್ತು, ನಾನೇ ಓದಿರಲಿಲ್ಲ. ಕೊನೆಯ ಬಸ್ ಹೋಗಿತ್ತು. ಟ್ಯಾಕ್ಸಿಯವನು ಹೇಳಿದ ರೇಟು ವಿಮಾನದ ಟಿಕೆಟ್‌ಗಿಂತ ನಾಲ್ಕು ಪಟ್ಟು. ಬೆಳಗಿನವರೆಗೆ ಕಬ್ಬಿಣದ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದೆ, ಅಮ್ಮನಿಗೆ ಮಾತ್ರ ರೂಮ್ ತಲುಪಿದೆ ಅಂತ ಮೆಸೇಜ್ ಹಾಕಿದ್ದೆ. ಹಾಗಾಗಿ ಟಿಕೆಟ್‌ನಲ್ಲಿ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ನೋಡು. ಬಿಸಿಎನ್ ಅಂದರೆ ಎಲ್ ಪ್ರಾತ್, ಊರಿನ ಪಕ್ಕದ್ದು. ಜಿಆರ್‌ಒ ಅಂದರೆ ಜಿರೋನಾ, ಆರ್‌ಇಯು ಅಂದರೆ ರೆಯುಸ್, ಅದೂ 100 ಕಿಲೋಮೀಟರ್ ಆಚೆ.

ಬೆಂಗಳೂರಿನಿಂದ ಬಾರ್ಸಿಲೋನಾಗೆ ನೇರ ವಿಮಾನ ಇಲ್ಲ, ಎಲ್ಲಾದರೂ ಒಂದು ಕಡೆ ಬದಲಿಸಲೇಬೇಕು. ಒಂದೇ ಪಿಎನ್‌ಆರ್‌ನಲ್ಲಿ ಸಿಗುವ ದಾರಿಗಳು ಎರಡು ಥರ. ಒಂದು ಕೊಲ್ಲಿಯ ಕಡೆಯಿಂದ: ಎಮಿರೇಟ್ಸ್‌ನಲ್ಲಿ ದುಬೈ, ಕತಾರ್ ಏರ್‌ವೇಸ್‌ನಲ್ಲಿ ದೋಹಾ, ಎತಿಹಾದ್‌ನಲ್ಲಿ ಅಬುಧಾಬಿ. ಇನ್ನೊಂದು ಯೂರೋಪಿನ ಕಡೆಯಿಂದ: ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಇಲ್ಲವೇ ಮ್ಯೂನಿಕ್, ಏರ್ ಫ್ರಾನ್ಸ್‌ನಲ್ಲಿ ಪ್ಯಾರಿಸ್, ಕೆಎಲ್ಎಂನಲ್ಲಿ ಆಮ್‌ಸ್ಟರ್‌ಡ್ಯಾಮ್. ಲಂಡನ್ ಮೇಲಿನ ದಾರಿಯೂ ಇದೆ, ಆದರೆ ಬ್ರಿಟನ್ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗಿಲ್ಲ, ಟ್ರಾನ್ಸಿಟ್ ವೀಸಾ ನಿಯಮ ಬೇರೆ. ಮೊದಲನೇ ಸಲಕ್ಕೆ ಆ ಗೋಜು ಬೇಡ.

ಈ ಎರಡರ ನಡುವೆ ಬರೀ ದರ ನೋಡಿ ಆರಿಸಬೇಡ. ಫ್ರಾಂಕ್‌ಫರ್ಟ್, ಪ್ಯಾರಿಸ್ ಕಡೆಯಿಂದ ಬಂದರೆ ನಿನ್ನ ಇಮಿಗ್ರೇಷನ್ ಅಲ್ಲೇ ಆಗುತ್ತದೆ, ಯಾಕೆಂದರೆ ನೀನು ಮೊದಲು ಕಾಲಿಡುವ ಶೆಂಗೆನ್ ದೇಶ ಅದು. ಬೆಳಗ್ಗೆ ಏಷ್ಯಾದ ವಿಮಾನಗಳೆಲ್ಲ ಒಟ್ಟಿಗೆ ಇಳಿಯುವ ಹೊತ್ತಿಗೆ ಸಾಲು ಹನುಮಂತನ ಬಾಲ. ಒಂದು ಗಂಟೆಯ ಅಂತರ ಇಟ್ಟುಕೊಂಡರೆ ಎದೆ ಡವಡವ. ಎರಡೂವರೆ ಗಂಟೆಯಾದರೂ ಇರಲಿ. ವೀಸಾ, ಅಡ್ಮಿಷನ್ ಪತ್ರ, ಉಳಿಯುವ ಜಾಗದ ಕಾಗದ ಕೈಚೀಲದಲ್ಲಿರಲಿ, ಸೂಟ್‌ಕೇಸ್‌ಗೆ ತುಂಬಿ ಕಳಿಸಬೇಡ. ಕೊಲ್ಲಿಯ ಕಡೆಯಿಂದ ಬಂದರೆ ಇದೆಲ್ಲ ಬಾರ್ಸಿಲೋನಾದಲ್ಲೇ ಆಗುತ್ತದೆ, ಮುಂದಿನ ವಿಮಾನ ತಪ್ಪುವ ಭಯ ಇಲ್ಲ.

ಆದರೆ ಯೂರೋಪಿನ ಕಂಪನಿಗೆ ಒಂದು ಲಾಭ ಇದೆ, ನಮ್ಮವರು ತುಂಬಾ ಜನಕ್ಕೆ ಗೊತ್ತಿಲ್ಲ. ಐರೋಪ್ಯ ಒಕ್ಕೂಟದ 261/2004 ಅನ್ನುವ ನಿಯಮ. ಇಲ್ಲಿನ ಕಂಪನಿಯ ವಿಮಾನದಲ್ಲಿ ಬೆಂಗಳೂರಿನಿಂದ ಹೊರಟು, ಅವರದೇ ತಪ್ಪಿನಿಂದ ಬಾರ್ಸಿಲೋನಾಗೆ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಮಳೆ ಗಾಳಿ ಅಂದರೆ ಸಿಗುವುದಿಲ್ಲ. ಕೊಲ್ಲಿಯ ಕಂಪನಿಯಾದರೆ ಬೆಂಗಳೂರಿನಿಂದ ಬರುವಾಗ ಈ ನಿಯಮ ಅನ್ವಯಿಸುವುದಿಲ್ಲ, ಇಲ್ಲಿಂದ ವಾಪಸ್ ಹೋಗುವಾಗ ಮಾತ್ರ ಅನ್ವಯಿಸುತ್ತದೆ. ಅವರೂ ಕೊಡಲೇಬೇಕು, ಯಾಕೆಂದರೆ ವಿಮಾನ ಹೊರಟಿದ್ದು ಯೂರೋಪಿನ ನೆಲದಿಂದ.

ಹುಡುಕುವುದು ಹೇಗೆ ಅಂದೆ. ಗೂಗಲ್ ಫ್ಲೈಟ್ಸ್‌ನಲ್ಲಿ ಕ್ಯಾಲೆಂಡರ್ ತೆಗೆದರೆ ಒಂದೊಂದು ದಿನದ ದರ ಕಾಣುತ್ತದೆ, ಸ್ಕೈಸ್ಕ್ಯಾನರ್‌ನಲ್ಲಿ ಇಡೀ ತಿಂಗಳು ನೋಡಬಹುದು. ಎರಡು ದಿನ ಹಿಂದೆ ಮುಂದೆ ಮಾಡಿದರೇ ಐದಾರು ಸಾವಿರ ವ್ಯತ್ಯಾಸ ಕಂಡಿದ್ದೇನೆ. ದರ ಇಳಿದರೆ ತಿಳಿಸು ಅಂತ ಅಲರ್ಟ್ ಹಾಕಿಡು. ಮಂಗಳವಾರ ಮಧ್ಯರಾತ್ರಿ ಕೊಂಡರೆ ಅಗ್ಗ, ಇನ್‌ಕಾಗ್ನಿಟೋದಲ್ಲಿ ನೋಡಿದರೆ ಅಗ್ಗ ಅನ್ನುವುದೆಲ್ಲ ಸುಮ್ನೆ, ನಿದ್ದೆ ಕೆಡಿಸಿಕೊಳ್ಳಬೇಡ.

ಹುಡುಕಿದ ಮೇಲೆ ಕೊಳ್ಳುವುದು ಮಾತ್ರ ವಿಮಾನ ಕಂಪನಿಯ ಸೈಟಿನಲ್ಲೇ. ನಾನು ಒಮ್ಮೆ 3 ಸಾವಿರ ಉಳಿಸಲು ಹೋಗಿ ಹೆಸರು ಕೇಳಿಲ್ಲದ ಯಾವುದೋ ಏಜೆಂಟ್ ಸೈಟಿನಲ್ಲಿ ಕೊಂಡೆ. ವಿಮಾನದ ಹೊತ್ತು ಬದಲಾಯಿತು. ಕಂಪನಿಯವರು ಏಜೆಂಟ್ ಕೇಳಿ ಅಂದರು, ಏಜೆಂಟ್ ಕಂಪನಿ ಕೇಳಿ ಅಂದ. ದುಡ್ಡು ವಾಪಸ್ ಬರಲು ಏಳು ತಿಂಗಳು ಆಯಿತು. ಇನ್ನೊಂದು ಮಾತು, ವಿದ್ಯಾರ್ಥಿಗಳಿಗೆ ಅಂತ ಕೆಲವು ಕಂಪನಿಗಳಲ್ಲಿ ಬೇರೆ ದರ ಇರುತ್ತದೆ, ಲಗೇಜೂ ಜಾಸ್ತಿ ಕೊಡುತ್ತಾರೆ. ಅದು ಸಾಮಾನ್ಯವಾಗಿ ಅವರ ಸ್ವಂತ ಸೈಟಿನಲ್ಲೇ ಸಿಗುವುದು. ನಿನ್ನ ಥರ ಮನೆಯನ್ನೇ ಹೊತ್ತು ತರುವವರಿಗೆ 2 ಸಾವಿರ ಕಡಿಮೆ ದರಕ್ಕಿಂತ ಇನ್ನೊಂದು ಬ್ಯಾಗ್ ದೊಡ್ಡ ಲಾಭ ಅಲ್ವಾ?

ವೀಸಾ ಕೈಗೆ ಬರುವ ಮುಂಚೆ, ರದ್ದು ಮಾಡಿದರೆ ಒಂದು ಪೈಸೆ ಬಾರದ ಟಿಕೆಟ್ ಕೊಳ್ಳಬೇಡ. ದಿನಾಂಕ ಬದಲಿಸಲು ಬಿಡುವ ದರಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ. ಹೋಗಿಬರುವ ಟಿಕೆಟ್ ಒನ್‌ವೇಗಿಂತ ಸ್ವಲ್ಪವೇ ಜಾಸ್ತಿ ಇರುವುದೂ ಉಂಟು, ಎರಡೂ ನೋಡು. ಆದರೆ ಹಾಗೆ ಕೊಂಡು ಮೊದಲ ವಿಮಾನ ಹತ್ತದಿದ್ದರೆ ವಾಪಸ್ ಟಿಕೆಟೂ ತಾನಾಗಿ ರದ್ದಾಗುತ್ತದೆ, ಅದು ನೆನಪಿರಲಿ.

ಸೆಪ್ಟೆಂಬರ್ ಮೊದಲ ವಾರಕ್ಕಿಂತ ಆಗಸ್ಟ್ ಕೊನೆ ದುಬಾರಿ ಇರಬಹುದು, ಯೂರೋಪಿನವರ ರಜೆ ಮುಗಿಯುವ ಹೊತ್ತು. ಅಪ್ಪ ಅಮ್ಮ ಮುಂದೆ ಬರುವುದಾದರೆ ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ಬೇಡ. ಆಗ ಇಲ್ಲಿ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಅನ್ನುವ ಮೊಬೈಲ್ ಉದ್ಯಮದ ದೊಡ್ಡ ಮೇಳ ನಡೆಯುತ್ತದೆ, ಹೋಟೆಲ್ ದರ ಕೇಳಿದರೆ ತಲೆ ತಿರುಗುತ್ತದೆ.

ಎಲ್ಲೂ ಸರಿಹೋಗದಿದ್ದರೆ ಮ್ಯಾಡ್ರಿಡ್ ನೋಡು. ಅಲ್ಲಿಂದ ಇಲ್ಲಿಗೆ ವೇಗದ ರೈಲಿನಲ್ಲಿ ಎರಡೂವರೆ ಮೂರು ಗಂಟೆ. 2021ರಲ್ಲಿ ವಿಗೋ, ಮರುವರ್ಷ ಇರ್ಯೋ ಅನ್ನುವ ಬೇರೆ ಕಂಪನಿಗಳ ರೈಲು ಬಂದ ಮೇಲೆ ಸರ್ಕಾರಿ ರೈಲಿಗೆ ಪೈಪೋಟಿ ಆಗಿ ದರ ಇಳಿದಿದೆ. ಮುಂಚೆ ಕೊಂಡರೆ ಚೆನ್ನಾಗಿ ಸಿಗುತ್ತದೆ. ರೈಲಿಗೂ ವಿಮಾನಕ್ಕೂ ನಡುವೆ ಆರು ಗಂಟೆ ಬಿಡು ಅಷ್ಟೆ. ಇದೂ ಬೇರೆ ಬೇರೆ ಟಿಕೆಟ್ಟೇ, ಆದರೆ ರೈಲು ತಪ್ಪಿದರೂ ಮುಂದಿನದು ಇರುತ್ತದೆ.

ಲಗೇಜಿನಲ್ಲಿ ಬೇಳೆ, ಹಿಟ್ಟು ತುಂಬಬೇಡ. ರಾವಾಲ್ ಬಡಾವಣೆಯ ಪಾಕಿಸ್ತಾನಿ, ಬಾಂಗ್ಲಾದೇಶಿ ಅಂಗಡಿಗಳಲ್ಲಿ ತೊಗರಿಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ಸಾರಿನ ಪುಡಿ ಮಾತ್ರ ಮನೆಯದು ತಾ. ತುಪ್ಪ, ಹಾಲಿನ ಪೇಡ, ಮೈಸೂರ್ ಪಾಕ್ ಬೇಡ, ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವಂತಿಲ್ಲ. ಕರಿಬೇವೂ ಅಷ್ಟೆ.

ಮೈಸೂರಿನಿಂದ ಫ್ಲೈಬಸ್ ಹಿಡಿ, ನೇರ ವಿಮಾನ ನಿಲ್ದಾಣಕ್ಕೇ ಬಿಡುತ್ತದೆ, ಮನೆಮಂದಿಯೆಲ್ಲ ಇನ್ನೋವಾ ಮಾಡಿಕೊಂಡು ಬರುವ ಖರ್ಚು ಉಳಿಯುತ್ತದೆ. (ಅಮ್ಮ ಒಪ್ಪುವುದಿಲ್ಲ, ಗೊತ್ತು.) ಇಲ್ಲಿ ಇಳಿದ ಮೇಲೆ ಹಗಲಾದರೆ 46ನೇ ನಂಬರ್ ಬಸ್ ಪ್ಲಾಸಾ ಎಸ್ಪಾನ್ಯಾಗೆ ಬರುತ್ತದೆ, ಅದರಲ್ಲಿ ಊರಿನ ಮಾಮೂಲಿ ಟಿ-ಕ್ಯಾಶುಯಲ್ ಕಾರ್ಡು ನಡೆಯುತ್ತದೆ. ವಿಮಾನ ನಿಲ್ದಾಣದ ಮೆಟ್ರೋದಲ್ಲಿ ನಡೆಯುವುದಿಲ್ಲ, ಬೇರೆ ಟಿಕೆಟ್ ಬೇಕು. ಲಗೇಜು ಜಾಸ್ತಿ ಇದ್ದರೆ ಏರೋಬುಸ್ ಅನ್ನುವ ವಿಮಾನ ನಿಲ್ದಾಣದ ಬಸ್ ಹತ್ತು, ಪ್ಲಾಸಾ ಕತಲುನ್ಯಾದಲ್ಲಿ ಇಳಿ. ಫೋನು ಹಿಂದಿನ ಜೇಬಿನಲ್ಲಿ ಬೇಡ. ವಿಮಾನ ಇಳಿಯುವುದು ರಾತ್ರಿ ಹನ್ನೊಂದರ ಮೇಲಾದರೆ ಮುಂಚೆಯೇ ನನಗೆ ಹೇಳು, ಟರ್ಮಿನಲ್ 1ರಿಂದ ಎನ್17 ರಾತ್ರಿ ಬಸ್ ಇದೆ, ಆದರೆ ಹೊಸಬಳು ನೀನೊಬ್ಬಳೇ ಅದರಲ್ಲಿ ಬರುವುದು ಬೇಡ, ನಾನೇ ಬಂದು ನಿಲ್ಲುತ್ತೇನೆ.