ಹಿಸ್ಟರಿ ಅಳಿಸಿದರೆ ಕಳಿಸಿದ ಅರ್ಜಿ ಅಳಿಯುವುದಿಲ್ಲ

ಪ್ರಶ್ನೆ: ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ಸಬ್ಮಿಟ್ ಮಾಡಿದ್ದೆ. ಮಾರನೇ ದಿನ ಬ್ರೌಸರ್ ಹಿಸ್ಟರಿ ಪೂರ್ತಿ ಕ್ಲಿಯರ್ ಮಾಡಿಬಿಟ್ಟೆ. ಅರ್ಜಿಯೂ ಹೋಯಿತೇ? ಮತ್ತೆ ತುಂಬಲೇ?

ಹೋಗಿಲ್ಲ. ದಯವಿಟ್ಟು ಮತ್ತೆ ತುಂಬಬೇಡಿ. ಅರ್ಜಿ ಸ್ವೀಕರಿಸಿ ಇಟ್ಟುಕೊಳ್ಳುವ ಕಂಪ್ಯೂಟರುಗಳನ್ನು, ಅಂದರೆ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಹೀಗೆ ಹೆದರಿ ಎರಡನೇ ಸಲ ಅರ್ಜಿ ಹಾಕಿದವರ ಗೋಳು ನೋಡಿ ನೋಡಿ ಸಾಕಾಗಿದೆ. ಒಬ್ಬರ ಹೆಸರಲ್ಲಿ ಎರಡು ಅರ್ಜಿ ಕಂಡರೆ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಎರಡನ್ನೂ ಪಕ್ಕಕ್ಕಿಡುವುದುಂಟು.

ಸಬ್ಮಿಟ್ ಒತ್ತಿದೊಡನೆ ನೀವು ಬರೆದದ್ದು, ಲಗತ್ತಿಸಿದ ಫೋಟೊ ಎಲ್ಲವೂ ಸರ್ವರ್‌ಗೆ ಹೋಗುತ್ತವೆ. ಅಲ್ಲಿ ಡೇಟಾಬೇಸ್‌ನಲ್ಲಿ ನಿಮ್ಮ ಹೆಸರಿಗೊಂದು ದಾಖಲೆ ಸೇರಿದ ಮೇಲೆ ಅರ್ಜಿ ಸಂಖ್ಯೆ ನಿಮ್ಮ ಪರದೆಗೆ ಬರುತ್ತದೆ. ಹಿಸ್ಟರಿ ಇರುವುದು ನಿಮ್ಮ ಫೋನು, ಕಂಪ್ಯೂಟರಿನ ಒಂದು ಫೈಲಿನಲ್ಲಿ. ಯಾವ ಪುಟಕ್ಕೆ, ಯಾವ ಹೊತ್ತಿಗೆ ಹೋದಿರಿ ಎನ್ನುವುದಷ್ಟೇ ಅದರಲ್ಲಿದೆ. ಅದನ್ನು ಅಳಿಸಿದ ಸುದ್ದಿ ಸರ್ವರ್‌ಗೆ ತಲುಪುವುದೂ ಇಲ್ಲ. ನಂಬಿಕೆ ಬಾರದಿದ್ದರೆ ಬೇರೊಂದು ಫೋನಿನಿಂದ ಲಾಗಿನ್ ಆಗಿ. ಆ ಫೋನಿನಲ್ಲಿ ನಿಮ್ಮ ಹಿಸ್ಟರಿ ಎಂದೂ ಇರಲಿಲ್ಲ, ಆದರೂ ಅರ್ಜಿ ಕಾಣಿಸುತ್ತದೆ.

ನಿಜವಾದ ಅಪಾಯ ಇರುವುದು ಸಬ್ಮಿಟ್‌ಗೆ ಮೊದಲು. ಒಮ್ಮೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ಐದು ಪುಟದ ಫಾರಂನಲ್ಲಿ ನಾಲ್ಕು ಮುಗಿದಿತ್ತು, ಫೋಟೊ ಅಪ್‌ಲೋಡ್ ಆಗದೆ ಚಕ್ರ ತಿರುಗುತ್ತಲೇ ಇತ್ತು. ಪಕ್ಕದಲ್ಲಿದ್ದ ಯಾರೋ 'ಎಲ್ಲ ಕ್ಲಿಯರ್ ಮಾಡಿ, ಸರಿಹೋಗುತ್ತೆ' ಅಂದರಂತೆ. ಮಾಡಿದರು. ಪುಟ ತೆರೆದರೆ ಲಾಗಿನ್ ಪರದೆ, ಒಳಗೆ ಹೋದರೆ ಖಾಲಿ ಫಾರಂ. ಕೊನೆಯ ದಿನಾಂಕ ಅಂದೇ ಇತ್ತು.

ಅಲ್ಲಿ ಹೋದದ್ದು ಹಿಸ್ಟರಿಯಿಂದಲ್ಲ, ಕ್ಲಿಯರ್ ಮಾಡುವ ಅದೇ ಪೆಟ್ಟಿಗೆಯಲ್ಲಿ ಟಿಕ್ ಆಗಿದ್ದ 'ಕುಕಿಗಳು ಮತ್ತು ಸೈಟ್ ಡೇಟಾ'ದಿಂದ. ಈ ಪುಟ ತುಂಬುತ್ತಿರುವವರು ನೀವೇ ಎಂದು ಸರ್ವರ್ ಗುರುತಿಸುವುದು ಕುಕಿಯಿಂದ, ಅಂದರೆ ಸೈಟು ನಿಮ್ಮ ಬ್ರೌಸರ್‌ನಲ್ಲಿ ಇಟ್ಟಿರುವ ಚಿಕ್ಕ ಗುರುತಿನಿಂದ. 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ ಕುಕಿ ರೂಪಿಸಿದ್ದೂ ಇಂಥದ್ದೇ ಕೆಲಸಕ್ಕೆ: ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿ ಬುಟ್ಟಿಗೆ ಹಾಕಿದ್ದನ್ನು ನೆನಪಿಡಲು. ಜೊತೆಗೆ ಕೆಲವು ಸೈಟುಗಳು ಅರ್ಧ ತುಂಬಿದ್ದನ್ನು ಸರ್ವರ್‌ನಲ್ಲಿ ಇಡದೆ ನಿಮ್ಮ ಬ್ರೌಸರ್‌ನಲ್ಲೇ ಇಟ್ಟಿರುತ್ತವೆ. ಸೈಟ್ ಡೇಟಾ ಅಳಿಸಿದರೆ ಅದು ಹೋದಂತೆಯೇ, ಮರಳಿ ತರಲು ನನ್ನಿಂದಲೂ ಆಗುವುದಿಲ್ಲ. ಹಾಗಾಗಿ ಫಾರಂ ತೆರೆದಿರುವಾಗ ಕ್ಲಿಯರ್ ಬಟನ್ನಿನ ಹತ್ತಿರ ಹೋಗಲೇಬೇಡಿ. ಚಕ್ರ ತಿರುಗುತ್ತಿದ್ದರೆ ಫೋಟೊ ಗಾತ್ರ ನೋಡಿ, ನೆಟ್‌ವರ್ಕ್ ನೋಡಿ.

ಅಳಿಸುವಾಗಲೂ ಟಿಕ್‌ಗಳನ್ನು ಒಂದೊಂದಾಗಿ ಓದಿ. ಕೆಲವು ಬ್ರೌಸರ್‌ಗಳಲ್ಲಿ ಪಾಸ್‌ವರ್ಡ್, ಆಟೋಫಿಲ್ (ಬ್ರೌಸರ್ ನೆನಪಿಟ್ಟು ತಾನೇ ತುಂಬುವ ಹೆಸರು, ವಿಳಾಸ) ಎರಡೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಕ್ರೋಮ್‌ನಲ್ಲಿ ಸಿಂಕ್ ಇದ್ದರೆ, ಅಂದರೆ ಒಂದೇ ಖಾತೆಯಲ್ಲಿ ಎರಡೂ ಕಡೆಯ ಹಿಸ್ಟರಿ ಜೋಡಿಸಿದ್ದರೆ, ಫೋನಿನಲ್ಲಿ ಅಳಿಸಿದ ಹಿಸ್ಟರಿ ಲ್ಯಾಪ್‌ಟಾಪಿನಿಂದಲೂ ಹೋಗುತ್ತದೆ. ನಾನಂತೂ ಅರ್ಜಿ ಸಂಖ್ಯೆ ಬಂದ ಪುಟವನ್ನು ಪಿಡಿಎಫ್ ಮಾಡಿಟ್ಟು, ಸಂಖ್ಯೆಯನ್ನು ಕಾಗದದ ಮೇಲೂ ಬರೆದುಕೊಳ್ಳದೆ ಆ ಪುಟ ಮುಚ್ಚುವುದಿಲ್ಲ. ನಿಮಗೆ ಸಂಖ್ಯೆ ಬಂದೇ ಇಲ್ಲವೆಂದರೆ ಅರ್ಜಿ ತಲುಪಿದೆಯೋ ಇಲ್ಲವೋ ಎಂದು ಅದೇ ಸೈಟಿನಲ್ಲಿ ಲಾಗಿನ್ ಆಗಿ ಮೊದಲು ಪರಿಶೀಲಿಸಿ.

ಪ್ರಶ್ನೆ: ಇನ್‌ಕಾಗ್ನಿಟೊದಲ್ಲಿ (ಹಿಸ್ಟರಿ ಉಳಿಸದ ಖಾಸಗಿ ಕಿಟಕಿಯಲ್ಲಿ) ತುಂಬಿದ ಅರ್ಜಿ ಉಳಿಯುತ್ತದೆಯೇ?

ಸಬ್ಮಿಟ್ ಮಾಡಿದ್ದರೆ ಉಳಿಯುತ್ತದೆ. ಕಿಟಕಿ ಮುಚ್ಚಿದಾಗ ಅಳಿಯುವುದು ನಿಮ್ಮ ಕಡೆಯದು ಮಾತ್ರ.

ಪ್ರಶ್ನೆ: ಕ್ಯಾಶ್ ಕ್ಲಿಯರ್ ಮಾಡಿದರೆ ಅರ್ಜಿ ಬೇಗ ಮಂಜೂರಾಗುತ್ತದಂತೆ?

ಶುದ್ಧ ಸುಳ್ಳು. ಕ್ಯಾಶ್ ಎಂದರೆ ಪುಟ ಬೇಗ ತೆರೆಯಲೆಂದು ನಿಮ್ಮ ಬ್ರೌಸರ್ ಇಟ್ಟುಕೊಂಡ ನಕಲು, ಅಷ್ಟೇ.

ಪ್ರಶ್ನೆ: ತಪ್ಪು ಮಾಹಿತಿ ಕಳಿಸಿಬಿಟ್ಟೆ. ಹಣ ಕೊಟ್ಟರೆ ಸರ್ವರ್‌ನಿಂದಲೇ ಅಳಿಸಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ. ಕೊಡಲೇ?

ಒಂದು ಪೈಸೆಯನ್ನೂ ಕೊಡಬೇಡಿ. ಅವರಿಗೆ ಆ ಸರ್ವರ್‌ನ ಬಾಗಿಲು ತೆರೆಯುವ ಅಧಿಕಾರವಿಲ್ಲ. ನಿಮ್ಮ ಪರದೆ ಹಂಚಿಕೊಳ್ಳಲು ಹೇಳಿ, ಓಟಿಪಿ ಕೇಳಿ, ಇದ್ದ ಮಾಹಿತಿಯನ್ನೂ ಕದಿಯುವ ಜನ ಇವರು. ತಿದ್ದುಪಡಿಗೆ ಅರ್ಜಿ ಪಡೆದವರನ್ನೇ ಅರ್ಜಿ ಸಂಖ್ಯೆ ಸಮೇತ ಕೇಳಿ.

ಪ್ರಶ್ನೆ: ಬೇರೆಯವರ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದೆ. ಹಿಸ್ಟರಿ ಅಳಿಸಿದರೆ ಸಾಕೇ?

ಸಾಲದು. ಮೊದಲು ಲಾಗೌಟ್ ಆಗಿ, ಆಮೇಲೆ ಕುಕಿ, ಆಟೋಫಿಲ್ ಅಳಿಸಿ. ನಂತರ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಹಿಸ್ಟರಿ ಅಳಿಸಿದರೆ ಹೆಚ್ಚೆಂದರೆ ಡೌನ್‌ಲೋಡ್‌ಗಳ ಪಟ್ಟಿ ಹೋದೀತೇ ಹೊರತು ಫೈಲ್ ಹೋಗುವುದಿಲ್ಲ. ನಿಮ್ಮ ಸಹಿ, ಫೋಟೊ, ಜನ್ಮದಿನಾಂಕ ಇರುವ ಆ ಪಿಡಿಎಫ್ ಅಲ್ಲೇ ಕೂತಿರುತ್ತದೆ. ಅದನ್ನು ನೀವೇ ಡಿಲೀಟ್ ಮಾಡಿ, ರೀಸೈಕಲ್ ಬಿನ್‌ನಿಂದಲೂ ತೆಗೆದು ಏಳಿ.