ಓದುಗರ ಪ್ರಶ್ನೆ: ಕುಟುಂಬಶ್ರೀ ಇರುವಾಗ ಮಹಿಳಾ ಸಂಘ ಯಾಕೆ?

ಪ್ರಶ್ನೆ: ನಾವು ಹನ್ನೆರಡು ಮಂದಿ ಹೆಂಗಸರು ಎರಡು ವರ್ಷಗಳಿಂದ ಊರಿನ ಭಜನಾ ಮಂದಿರದಲ್ಲಿ ಮಹಿಳಾ ಸಂಘ ನಡೆಸುತ್ತಿದ್ದೇವೆ. ಎಲ್ಲರೂ ಕುಟುಂಬಶ್ರೀಯ ಸದಸ್ಯೆಯರೂ ಹೌದು. ಎರಡೆರಡು ಯಾಕೆಂದು ಮನೆಯವರು ಕೇಳುತ್ತಾರೆ. ಅಂತಾರಾಷ್ಟ್ರೀಯ ಕ್ಲಬ್ಬಿಗೆ ಸೇರಿ ಎಂದು ಪೇಟೆಯ ಪರಿಚಿತರು ಹೇಳುತ್ತಾರೆ. ನಮಗೆ ಯಾವುದು ಸರಿ?
(ಓದುಗಿಯೊಬ್ಬರು, ಪೆರ್ಲ)

ಉತ್ತರ: ಮನೆಯವರ ಪ್ರಶ್ನೆ ನ್ಯಾಯವಾದದ್ದೇ. ಕುಟುಂಬಶ್ರೀ 1998ರಲ್ಲಿ ಬಡತನ ನಿರ್ಮೂಲನೆಗಾಗಿ ಕೇರಳ ಸರಕಾರ ಕಟ್ಟಿದ ವ್ಯವಸ್ಥೆ; ಅಲ್ಲಿ ನೆರೆಕೂಟದ, ಅಂದರೆ ಅಕ್ಕಪಕ್ಕದ ಮನೆಗಳ ಹೆಂಗಸರ ಗುಂಪಿನ, ಬೆನ್ನೆಲುಬು ವಾರದ ಉಳಿತಾಯ ಮತ್ತು ಸಾಲ, ಎಂದರೆ ಪೆಟ್ಟಿಗೆಯಲ್ಲಿರುವುದು ಸದಸ್ಯೆಯರ ಸ್ವಂತ ಹಣ. ನಿಮ್ಮ ಸಂಘದ ಪೆಟ್ಟಿಗೆಯಲ್ಲಿರುವುದು ಬೇರೆಯವರಿಗೆಂದು ತೆಗೆದಿಟ್ಟ ಹಣ. ಈ ಎರಡನ್ನು ಬೆರೆಸಿ, ಸೇವಾನಿಧಿಯಿಂದ ಸದಸ್ಯೆಯರಿಗೆ ಕೈಸಾಲ ಕೊಡತೊಡಗಿದ ಸಂಘಗಳು ಮೂರನೆಯ ವಾರ್ಷಿಕೋತ್ಸವವನ್ನು ಕಾಣದೆ ಮುರಿದುಬಿದ್ದುದನ್ನು ನಾನು ನೋಡಿದ್ದೇನೆ. ಲೆಕ್ಕದ ಪುಸ್ತಕ ಬೇರೆಯಾಗಿದ್ದರೆ ಎರಡೂ ಜೊತೆಯಾಗಿ ನಡೆಯುತ್ತವೆ.

ಅಂತಾರಾಷ್ಟ್ರೀಯ ಕ್ಲಬ್ಬುಗಳ ವಿಷಯ ಬೇರೆ. ಇನ್ನರ್ ವೀಲ್ 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಟರಿ ಸದಸ್ಯರ ಮಡದಿಯರಿಂದ ಆರಂಭವಾಯಿತು. ಲಯನ್ಸ್ ತನ್ನ ಬಾಗಿಲನ್ನು ಹೆಂಗಸರಿಗೆ ತೆರೆದದ್ದು 1987ರಲ್ಲಿ, ರೋಟರಿ ತನ್ನ ನಿಯಮ ಬದಲಿಸಿದ್ದು 1989ರಲ್ಲಿ. ಇಂತಹ ಸಂಸ್ಥೆಗಳ ನಂಟಿದ್ದರೆ ಕಣ್ಣಿನ ಶಿಬಿರಕ್ಕೆ ವೈದ್ಯರನ್ನು ಕರೆತರುವುದು ಸುಲಭವಾಗುತ್ತದೆ, ನಿಜ. ಆದರೆ ವಂತಿಗೆಯ ಒಂದು ಭಾಗ ಮೇಲಿನ ಹಂತಗಳಿಗೆ ಹೋಗುತ್ತದೆ, ವರದಿಗಳನ್ನು ಬರೆಯಬೇಕಾಗುತ್ತದೆ, ಮತ್ತು ಅಡಿಕೆ ಸುಲಿಯುವ ಕಾಲದಲ್ಲಿ ಸಂಜೆ ಏಳಕ್ಕೆ ಪೇಟೆಯ ಸಭೆಗೆ ಹೋಗಿ ಬರಲು ನಿಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯವೆಂದು ಎಣಿಸಿ ನೋಡಬೇಕು. ನನ್ನನ್ನು ಕೇಳಿದರೆ, ಸದ್ಯಕ್ಕೆ ಬೇಡ. ನೋಂದಣಿ ಮಾತ್ರ ಮಾಡಿಸಿಕೊಳ್ಳಿ: ಮಲಬಾರಿನ ಉಳಿದ ಭಾಗದಂತೆ ನಮ್ಮ ಕಾಸರಗೋಡು ಜಿಲ್ಲೆಗೂ ಅನ್ವಯಿಸುವುದು 1860ರ ಸೊಸೈಟಿ ನೋಂದಣಿ ಕಾಯಿದೆ, ಅದಕ್ಕೆ ಏಳು ಮಂದಿಯ ಸಹಿ ಸಾಕು.

ಇನ್ನು ಏನು ಮಾಡಬೇಕೆಂಬುದು. ನೀವಿರುವುದು ಎಣ್ಮಕಜೆ ಪಂಚಾಯತಿನಲ್ಲಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂಕಟವನ್ನು ನಿಮ್ಮ ಪಡ್ರೆಯ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಪರಿಹಾರದ ಹಣ, ಬೌದ್ಧಿಕ ಸವಾಲಿನ ಮಕ್ಕಳ ಬಡ್ಸ್ ಶಾಲೆ, ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸಿನ ಭೇಟಿ ಇವೆಲ್ಲ ಇದ್ದರೂ, ಹಾಸಿಗೆ ಹಿಡಿದ ಮಗನನ್ನು ಬಿಟ್ಟು ಅರ್ಧ ದಿನ ಹೊರಗೆ ಹೋಗಲಾಗದ ತಾಯಿಯ ಪಾಲಿನ ಕೊರತೆಯನ್ನು ಯಾವ ಯೋಜನೆಯೂ ತುಂಬಿಲ್ಲ. ತಿಂಗಳಿಗೆ ಎರಡು ಸಲ, ಪರಿಚಯವಾದ ಒಬ್ಬಳೇ ಸದಸ್ಯೆ ಅಂತಹ ಮನೆಯಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಕುಳಿತರೆ, ಆ ತಾಯಿ ತಂಗಿಯ ಮಗಳ ಮದುವೆಗೆ ಹೋಗಿ ಬಂದಾಳು. ಇದಕ್ಕೆ ಬ್ಯಾನರು ಬೇಡ, ಖರ್ಚೂ ಇಲ್ಲ.

ಎರಡನೆಯದು ಭಾಷೆಯ ಕೆಲಸ. ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯೊಂದರ ಔಷಧದ ಕಿಟಕಿಯ ಬಳಿ, ಮಲಯಾಳ ಓದಲು ಬಾರದ ಅಜ್ಜಿಯೊಬ್ಬರು ಮಾತ್ರೆಯ ಲಕೋಟೆಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಜೊತೆಗೆ ಬಂದಿದ್ದ ಮಹಿಳಾ ಸಮಾಜದ ಹೆಂಗಸು ಪೆನ್ನು ತೆಗೆದು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆದದ್ದು "ಆಹಾರದ ನಂತರ" ಎಂದಲ್ಲ, "ಹತ್ತು ಗಂಟೆಯ ಗಂಜಿ ಕುಡಿದ ಮೇಲೆ" ಎಂದು. ಆ ಅಜ್ಜಿಗೆ ಗಂಜಿ ಊಟದ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಊರಿನವರಿಗಲ್ಲದೆ ಬೇರೆ ಯಾರಿಗೆ ತಿಳಿದೀತು? ಕಚೇರಿಗಳಲ್ಲಿಯೂ ಹೀಗೆಯೇ. ಕೇರಳದ 1969ರ ಆಡಳಿತ ಭಾಷಾ ಕಾನೂನಿನ ಪ್ರಕಾರ ಇಲ್ಲಿಯ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿಯೇ ಪಡೆಯಬಹುದು. ಆದರೂ ಅರ್ಜಿಯ ಮಲಯಾಳ ನಮೂನೆಯನ್ನು ಕಂಡು ಅರ್ಧಕ್ಕೇ ಹಿಂತಿರುಗುವವರಿದ್ದಾರೆ. ಎರಡೂ ಲಿಪಿ ಬಲ್ಲ ಇಬ್ಬರು ಸದಸ್ಯೆಯರು ವಾರಕ್ಕೊಂದು ದಿನ ಭಜನಾ ಮಂದಿರದ ಜಗಲಿಯಲ್ಲಿ ಕುಳಿತರೆ ಸಾಕು.

ಪ್ರಶ್ನೆ: ನಮ್ಮ ಸಂಘ ಏರ್ಪಡಿಸಿದ ರಕ್ತದಾನ ಶಿಬಿರದಲ್ಲಿ ಬಂದ ಹೆಂಗಸರಲ್ಲಿ ಹೆಚ್ಚಿನವರನ್ನು ಬೇಡವೆಂದು ಹಿಂದೆ ಕಳುಹಿಸಿದರು. ಎಲ್ಲರೆದುರು ಅವಮಾನವಾಯಿತು. ಮುಂದೆ ಶಿಬಿರ ಮಾಡಬಾರದೇ?
(ಕಾರ್ಯದರ್ಶಿ, ಮಹಿಳಾ ಮಂಡಳಿ, ಬದಿಯಡ್ಕ)

ಉತ್ತರ: ಅವಮಾನದ ಮಾತೇ ಇಲ್ಲ. ರಕ್ತ ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ 45 ಕಿಲೋಗೆ ಕಡಿಮೆಯಿರಬಾರದು, ಹಿಮೋಗ್ಲೋಬಿನ್ 12.5 ಗ್ರಾಂ ಆದರೂ ಇರಬೇಕು. ಒಮ್ಮೆ ಕೊಟ್ಟ ಬಳಿಕ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹೆಂಗಸರು ಹೆಚ್ಚಾಗಿ ಎಡವುವುದು ಹಿಮೋಗ್ಲೋಬಿನ್ನಿನಲ್ಲಿ. ನಿಮ್ಮವರನ್ನೂ ಆ ಕಾರಣಕ್ಕೇ ಕಳುಹಿಸಿದ್ದರೆ, ಶಿಬಿರ ನಿಮಗೆ ತೋರಿಸಿಕೊಟ್ಟದ್ದು ಊರಿನ ಹೆಂಗಸರ ರಕ್ತಹೀನತೆಯನ್ನು; ಸಂಗ್ರಹವಾದ ಬಾಟಲಿಗಳ ಲೆಕ್ಕಕ್ಕಿಂತ ಅದು ನಿಮಗೆ ಹೆಚ್ಚು ಬೇಕಾದ ಮಾಹಿತಿ.

ಮುಂದಿನ ಸಲ ಮೂರು ತಿಂಗಳು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದವರಲ್ಲಿ ಕೇಳಿಕೊಂಡು ಹಿಮೋಗ್ಲೋಬಿನ್ ಪರೀಕ್ಷೆ ಮಾತ್ರ ಮಾಡಿಸಿ. ಕಡಿಮೆಯಿದ್ದವರು ವೈದ್ಯರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳಲಿ, ಮತ್ತು ಊಟದ ಜೊತೆಗೇ ಚಹಾ ಕುಡಿಯುವುದನ್ನು ಬಿಡಲಿ, ಏಕೆಂದರೆ ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. (ಈ ಎರಡನೆಯ ಸಲಹೆಗೆ ನಮ್ಮ ಮನೆಯಲ್ಲಿಯೇ ಬೆಲೆ ಸಿಕ್ಕಿಲ್ಲ.) ಹಿಂದೆ ಕಳುಹಿಸಲ್ಪಟ್ಟವರ ಹೆಸರುಗಳನ್ನು ಸಭೆಯಲ್ಲಿ ಓದಬೇಡಿ, ಒಬ್ಬೊಬ್ಬರ ಮನೆಗೇ ಹೋಗಿ ಪರೀಕ್ಷೆಯ ದಿನ ತಿಳಿಸಿ ಬನ್ನಿ.