ಹತ್ತು ವರ್ಷ ಇಟ್ಟುಕೊಳ್ಳುವ ಕಾರಾದರೆ ಬಾನೆಟ್ ಎತ್ತಿ ಏನು ನೋಡಬೇಕು?

ಒಂದೇ ಬಜೆಟ್ಟಿನಲ್ಲಿ ಎರಡು ಕಾರು ನೋಡಿದ್ದೀರಿ, ಒಂದು ಸಣ್ಣ ಟರ್ಬೊ (ಗಾಳಿಯನ್ನು ಒತ್ತಿ ತುಂಬಿ ಸಣ್ಣ ಎಂಜಿನ್ನಿಂದ ಹೆಚ್ಚು ಶಕ್ತಿ ತೆಗೆಯುವಂಥದ್ದು), ಇನ್ನೊಂದು ಟರ್ಬೊ ಇಲ್ಲದ ಸಾದಾ ಪೆಟ್ರೋಲ್. ಹತ್ತು ವರ್ಷ ಓಡಿಸಿದರೆ ಯಾವುದಕ್ಕೆ ರಿಪೇರಿ ಖರ್ಚು ಕಡಿಮೆ ಅಂತ ಕೇಳಿದ್ದೀರಿ. ನನ್ನ ಕಾರಿನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ದೊಡ್ಡ ಕೆಲಸವಾದರೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿರುತ್ತೇನೆ (ಅವರಿಗೆ ಅದು ಅಷ್ಟೇನೂ ಇಷ್ಟವಿಲ್ಲ). ಅಲ್ಲಿ ನಿಂತು ಕಲಿತದ್ದು ಇಷ್ಟು: ಪಾರ್ಟಿನ ಬೆಲೆ ಕೇಳುವ ಮುಂಚೆ, ಅದನ್ನು ಬದಲಿಸಲು ಇನ್ನೇನೇನು ಬಿಚ್ಚಬೇಕು ಅಂತ ಕೇಳಬೇಕು.

ಕ್ಲಚ್ಚನ್ನೇ ತಗೊಳ್ಳಿ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಗೇರ್‌ಬಾಕ್ಸಿನ ಹೊರಗೆ ಎರಡು ಬೋಲ್ಟಿನ ಮೇಲೆ ಕೂತಿರುತ್ತದೆ. ಸೋರಿದರೆ ಬಿಚ್ಚಿ, ಹೊಸದು ಹಾಕಿ, ಪೈಪಿನ ಗಾಳಿ ತೆಗೆದರೆ ಕೆಲಸ ಮುಗಿಯಿತು. ಬೇರೆ ಕೆಲವದರಲ್ಲಿ ಅದೇ ಸಿಲಿಂಡರ್ ಎಂಜಿನ್ನು ಗೇರ್‌ಬಾಕ್ಸು ಸೇರುವ ಕಡೆಯ ಬೆಲ್ ಹೌಸಿಂಗ್ ಒಳಗೆ, ಕ್ಲಚ್ಚನ್ನು ಒತ್ತುವ ರಿಲೀಸ್ ಬೇರಿಂಗ್ ಜೊತೆ ಒಂದೇ ತುಂಡಾಗಿ, ಗೇರ್‌ಬಾಕ್ಸಿಗೆ ಹೋಗುವ ಇನ್‌ಪುಟ್ ಶಾಫ್ಟಿನ ಸುತ್ತ ಕೂತಿರುತ್ತದೆ. ಒಂದು ರಬ್ಬರ್ ಸೀಲ್ ಹೋದರೂ ಗೇರ್‌ಬಾಕ್ಸ್ ಇಳಿಸಲೇಬೇಕು. ಅಷ್ಟೆಲ್ಲ ಇಳಿಸಿದ ಮೇಲೆ ಅರ್ಧ ಸವೆದ ಕ್ಲಚ್ ಪ್ಲೇಟನ್ನು ವಾಪಸ್ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಸೀಲಿನ ಕೆಲಸ ಪೂರ್ತಿ ಕ್ಲಚ್ ಸೆಟ್ಟಿನ ಬಿಲ್ಲಾಗುವುದು ಹೀಗೆ.

ಟೈಮಿಂಗ್, ಅಂದರೆ ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಚೈನ್ ಅಥವಾ ಬೆಲ್ಟಿನ ವಿಷಯಕ್ಕೆ ಬಂದರೆ, ಶೋರೂಮಿನವರು ‘ಚೈನ್ ಇದೆ ಸರ್, ಚಿಂತೆ ಬಿಡಿ’ ಅನ್ನುತ್ತಾರೆ. ಚೈನ್ ಯಾವ ಕಡೆ ಇದೆ ಅಂತ ಕೇಳಿ. ಬಿಎಂಡಬ್ಲ್ಯೂ ಎನ್47 ಡೀಸೆಲ್‌ನಲ್ಲಿ ಅದು ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆ ಇದೆ. ಅದು ಸವೆದು ಸದ್ದು ಮಾಡಲು ಶುರುವಾದರೆ, ಗೇರ್‌ಬಾಕ್ಸ್ ಅಡ್ಡ ಬರುವುದರಿಂದ ಸಣ್ಣ ಕೆಲಸದಲ್ಲಿ ಮುಗಿಯುವುದಿಲ್ಲ. ಚೈನಿನ ಬದಲು ಆಯಿಲ್ ತಾಗದ ಒಣ ಬೆಲ್ಟ್ ಇದ್ದರೆ ಹೆದರಬೇಕಾಗಿಲ್ಲ, ಮ್ಯಾನುಯಲ್‌ನಲ್ಲಿ ಹೇಳಿದ ಕಿಲೋಮೀಟರಿಗೋ ವರ್ಷಕ್ಕೋ, ಯಾವುದು ಮೊದಲೋ ಆಗ ಬದಲಿಸಿದರಾಯಿತು. ತಪ್ಪಿಸಿದರೆ ಮಾತ್ರ, ಬೆಲ್ಟ್ ಹರಿದಾಗ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ನನಗೆ ಇಷ್ಟವೇ ಆಗದ್ದು ಆಯಿಲ್‌ನಲ್ಲಿ ನೆನೆಯುತ್ತಾ ಓಡುವ ಬೆಲ್ಟ್. ಫೋರ್ಡ್ 1.0 ಇಕೋಬೂಸ್ಟ್, ಪ್ಯೂಜೋ-ಸಿಟ್ರೊಯೆನ್ 1.2 ಪ್ಯೂರ್‌ಟೆಕ್ ಎರಡರಲ್ಲೂ ಇದ್ದದ್ದು ಅದೇ. ಆಯಿಲ್ ಹಳತಾಗಿ ಅದರಲ್ಲಿ ಪೆಟ್ರೋಲ್ ಬೆರೆತರೆ ರಬ್ಬರ್ ಕಿತ್ತುಬಂದು ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ. ಬೆಲ್ಟ್ ಹರಿಯುವ ಮುಂಚೆಯೇ ಆಯಿಲ್ ಪ್ರೆಶರ್ ಬಿದ್ದು ಎಂಜಿನ್ ಹಾಳು. ಎರಡೂ ಕಂಪನಿಗಳು ನಂತರದ ಆವೃತ್ತಿಗಳಿಗೆ ಚೈನ್ ಹಾಕಿದವು.

ಡೈರೆಕ್ಟ್ ಇಂಜೆಕ್ಷನ್ ಇದೆಯೇ ಅಂತಲೂ ನೋಡಿ. ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವಿನ ಬೆನ್ನು ಪೆಟ್ರೋಲಿನಿಂದ ತೊಳೆದುಕೊಳ್ಳುವುದೇ ಇಲ್ಲ, ಕಾರ್ಬನ್ ಕಟ್ಟುತ್ತದೆ, ಗಾಳಿ ತರುವ ಮ್ಯಾನಿಫೋಲ್ಡ್ ಬಿಚ್ಚಿ ಕೆರೆಯಬೇಕಾಗುತ್ತದೆ. ಟೊಯೋಟಾದ ಡಿ-4ಎಸ್ ಎಂಜಿನ್‌ಗಳಲ್ಲಿ ನೇರ ಸಿಲಿಂಡರಿಗೆ ಸಿಂಪಡಿಸುವುದು, ವಾಲ್ವಿನ ಹಿಂದೆ ಸಿಂಪಡಿಸುವುದು (ಪೋರ್ಟ್ ಇಂಜೆಕ್ಷನ್), ಹೀಗೆ ಎರಡೂ ಬಗೆಯ ಇಂಜೆಕ್ಟರ್ ಇರುವುದರಿಂದ ಈ ಕಾಟ ಕಡಿಮೆ.

ಆಟೋಮ್ಯಾಟಿಕ್ ಆದರೆ ‘ಲೈಫ್‌ಟೈಮ್ ಆಯಿಲ್’, ಅಂದರೆ ಗೇರ್‌ಬಾಕ್ಸ್ ಆಯಿಲ್ ಬದಲಿಸಲೇಬೇಕಿಲ್ಲ ಅನ್ನುವ ಮಾತನ್ನು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತದೆ. ಮಿಕ್ಕದ್ದು ಕಣ್ಣಿಗೇ ಕಾಣುತ್ತದೆ. ಬಲ್ಬ್ ಹೋದರೆ ಬಲ್ಬ್ ಬರುತ್ತದೋ, ಇಡೀ ಸೀಲ್ಡ್ ಎಲ್‌ಇಡಿ ಲೈಟೇ ಬರಬೇಕೋ? ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದ್ದರೆ ಗಾಜು ಬದಲಿಸಿದಾಗ ಅದನ್ನು ಮತ್ತೆ ಸರಿಹೊಂದಿಸುವ ಕ್ಯಾಲಿಬ್ರೇಷನ್ ಖರ್ಚೂ ಸೇರುತ್ತದೆ. ದೊಡ್ಡ ರಿಮ್ಮು, ತೆಳು ಟೈರು ಚಂದ ಕಾಣುತ್ತದೆ ನಿಜ, ಗುಂಡಿಗೆ ಇಳಿದಾಗ ರಿಮ್ಮೇ ಪೆಟ್ಟು ತಿನ್ನುತ್ತದೆ.

ನಿಮ್ಮ ಎರಡರಲ್ಲಿ, ಸಾದಾ ಪೆಟ್ರೋಲ್ ಕಾರಿಗೆ ಪೋರ್ಟ್ ಇಂಜೆಕ್ಷನ್ ಮತ್ತು ಮುಂಭಾಗದಲ್ಲೇ ಚೈನ್ ಇದ್ದರೆ ನಾನು ಅದನ್ನೇ ತಗೊಳ್ಳುತ್ತೇನೆ. ಸದಾ ತುಂಬಿದ ಕಾರಿನಲ್ಲಿ ಘಾಟಿ ಹತ್ತುವವರಾದರೆ ಟರ್ಬೊ ಬೇಕೆನಿಸಬಹುದು. ಆಗ ಆಯಿಲ್ ಬದಲಿಸುವ ಅವಧಿಯನ್ನು ಮ್ಯಾನುಯಲ್ ಹೇಳಿದ್ದರ ಅರ್ಧಕ್ಕೆ ಇಳಿಸಿಕೊಳ್ಳಿ. ಯಾವುದೇ ಆಗಲಿ, ಅಡ್ವಾನ್ಸ್ ಕೊಡುವ ಮುಂಚೆ ಎಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ ನೋಡಿ, ಆಮೇಲೆ ಶೋರೂಮಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ಕನ್ನು ‘ಇದರ ಕ್ಲಚ್ ಬದಲಿಸಲು ಎಷ್ಟು ಗಂಟೆ?’ ಅಂತ ಕೇಳಿ.